ಸೂರಿನ ಮೇಲಣ ಕಲ್ಲು

ವೈಶಾಖದ ಒಂದು ಮಧ್ಯಾಹ್ನ. ಕಲಬುರಗಿಯ ಆಕಾಶವು ಬೆಳಗಿನಿಂದ ಕಾದ ಹಂಚಿನಂತಿದ್ದು, ಮೂರು ಗಂಟೆಯ ಹೊತ್ತಿಗೆ ದಿಗಂತದ ಒಂದು ಮೂಲೆ ಕಪ್ಪಾಗುತ್ತದೆ. ಧೂಳೆದ್ದು ಬೀದಿ ಮಸುಕಾಗುತ್ತದೆ. ಮಹಡಿಯ ಮೇಲಿನ ಹಪ್ಪಳ ಸಂಡಿಗೆಗಳನ್ನೂ ಅಂಗಳದ ಬಟ್ಟೆಗಳನ್ನೂ ಬಾಚಿಕೊಂಡು ಹೆಂಗಸರು ಒಳಗೋಡುತ್ತಾರೆ. ಮಕ್ಕಳನ್ನು ಕೂಗಿ ಕರೆದು ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಸೇರಿದೆವು, ಇನ್ನು ಭಯವಿಲ್ಲ ಎಂಬುದು ಅವರ ಭಾವನೆ. ಆದರೆ ಪತ್ರಾಸಿನ ಮನೆಯಾದರೆ ಅವರ ನೆತ್ತಿಯ ಮೇಲೆ ಹತ್ತು ಹನ್ನೆರಡು ಕಲ್ಲುಗಳು ಕುಳಿತಿರುತ್ತವೆ.

ಆ ಕಲ್ಲುಗಳನ್ನು ಅಲ್ಲಿಟ್ಟವರು ಮನೆಯ ಯಜಮಾನರೇ. ಪತ್ರಾಸು ಹಾರಿಹೋಗದಿರಲಿ ಎಂಬುದೇ ಉದ್ದೇಶ. ಅಶ್ವಿನಿ, ಭರಣಿ ಮಳೆಗಳ ಕಾಲದ ಬಿರುಗಾಳಿಗೆ ಹಾಳೆ ಎದ್ದಾಗ ಮಾತ್ರ ಕಾವಲಿಗಿಟ್ಟ ಕಲ್ಲೇ ಕೆಳಗಿದ್ದವರ ಮೇಲೆ ಉರುಳುತ್ತದೆ. ಗಾಳಿಯಲ್ಲಿ ಹಾರಿದ ಪತ್ರಾಸಿನಿಂದ ಆಗುವ ಹಾನಿ ಒಂದು. ಬಿದ್ದ ಕಲ್ಲಿನಿಂದ ಆಗುವ ಹಾನಿ ಇನ್ನೊಂದು.

ಹಿಂದಿನವರಿಗೆ ಈ ಚಿಂತೆಯಿರಲಿಲ್ಲ. ಈ ಸೀಮೆಯ ಮಾಳಿಗೆಮನೆಗಳಲ್ಲಿ ತೊಲೆ ಜಂತಿಗಳ ಮೇಲೆ ದಪ್ಪನಾಗಿ ಮಣ್ಣು ಮೆತ್ತುತ್ತಿದ್ದರು. ಒಂದು ಅಡಿ ದಪ್ಪದ ಮಣ್ಣಿನ ತೂಕ ಚದರ ಮೀಟರಿಗೆ 400 ಕಿಲೊಗೂ ಮಿಗಿಲು. ಅಂಥ ಸೂರನ್ನು ಯಾವ ಗಾಳಿಯೂ ಎತ್ತಲಾರದು. ಅದರ ಭಾರವೇ ಅದಕ್ಕೆ ಕಾವಲು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಾ ಮಸೀದಿಯ ಗುಮ್ಮಟಗಳೂ ತಮ್ಮ ಭಾರದಿಂದಲೇ ನೆಲೆನಿಂತಿವೆ. ಮಾಳಿಗೆಯ ದೋಷ ಬೇರೆ: ವರುಷ ವರುಷವೂ ಮಣ್ಣು ಹಾಕಬೇಕು, ಮಳೆ ಹಿಡಿದರೆ ಸೋರುತ್ತದೆ, ಜಂತಿ ಮುಪ್ಪಾದರೆ ಒಂದು ರಾತ್ರಿ ಕುಸಿದೇ ಬೀಳುತ್ತದೆ. ಆದುದರಿಂದ ಬಡವನು ಪತ್ರಾಸಿಗೆ ಒಲಿದುದು ತಪ್ಪಲ್ಲ. ತಪ್ಪಾದುದು ಒಂದೇ: ಸೂರು ಹಗುರಾಯಿತು, ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. ಭಾರವಾದ ಸೂರು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಹಗುರವಾದುದನ್ನು ಮನುಷ್ಯನೇ ಹಿಡಿದಿಡಬೇಕು.

ಹಿಮ ಬೀಳುವ ದೇಶಗಳವರಿಗೂ ಇಂಥದೇ ಪಾಠವಾಗಿದೆ. ಒರಟು ಹೆಂಚಿನ ಮೇಲೆ ನಿಲ್ಲುತ್ತಿದ್ದ ಹಿಮವು ನುಣುಪಾದ ತಗಡಿನ ಮೇಲೆ ನಿಲ್ಲದೆ, ಬಿಸಿಲೇರಿದೊಡನೆ ರಾಶಿರಾಶಿಯಾಗಿ ಜಾರಿ ಬಾಗಿಲಲ್ಲಿದ್ದವರ ಮೇಲೆ ಬೀಳುತ್ತದೆ. ಅದಕ್ಕಾಗಿ ಅಲ್ಲಿ ಸೂರಿನ ಅಂಚಿಗೆ ಸಾಲಾಗಿ ತಡೆಗಳನ್ನು ಜೋಡಿಸುತ್ತಾರೆ. ಎಷ್ಟು ಸಾಲು, ಎಷ್ಟು ತಡೆ ಎಂದು ಮೊದಲೇ ಲೆಕ್ಕ ಹಾಕಿ ಅದರ ಹಣವನ್ನು ಅಂದಾಜುಪಟ್ಟಿಯಲ್ಲೇ ಸೇರಿಸುತ್ತಾರೆ. ಕಲಬುರಗಿಯಲ್ಲಿ ಹಿಮವಿಲ್ಲ, ಗಾಳಿಯುಂಟು. ಆ ಲೆಕ್ಕವನ್ನು ಇಲ್ಲಿ ಗಾಳಿಗೆ ಹಾಕಬೇಕು.

ಕಮಲಾಪುರದ ರೈತನೊಬ್ಬನು 10 ಅಡಿ ಅಗಲ, 20 ಅಡಿ ಉದ್ದದ ಒಂದು ಕೋಣೆಗೆ ಸೂರು ಹೊದಿಸಬೇಕೆಂದು ಸುಮಾರು 35 ಕಿಲೋಮೀಟರು ದೂರದ ಕಲಬುರಗಿಗೆ ಪತ್ರಾಸು ಕೊಳ್ಳಲು ಬಂದಿದ್ದಾನೆಂದು ಭಾವಿಸಬಹುದು. ಅರ್ಧ ಮಿಲಿಮೀಟರು ದಪ್ಪದ ಉಕ್ಕಿನ ಹಾಳೆಯಾದರೆ ಇಡೀ ಸೂರಿನ ತೂಕ ಸುಮಾರು 90 ಕಿಲೊ. ಒಂದು ಕ್ವಿಂಟಲಿಗೂ ಕಡಿಮೆ. ಅದರ ಮೇಲೆ ಹತ್ತು ಹತ್ತು ಕಿಲೊ ತೂಗುವ 12 ಕಲ್ಲುಗಳನ್ನಿಟ್ಟರೆ ಒಟ್ಟು 210 ಕಿಲೊ ಆಯಿತು. "ಕಲ್ಲಿಟ್ರ ಸಾಕ್ರೀ, ಏನೂ ಆಗಂಗಿಲ್ಲ" ಎಂದು ಗೌಂಡಿಯೂ ಧೈರ್ಯ ಹೇಳುತ್ತಾನೆ.

ಗಾಳಿಯು ಸೂರಿನ ಮೇಲೆ ಹಾಯುವಾಗ ಅದನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಸೆಳೆಯುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದ ಗಾಳಿಯ ಸೆಳೆತವನ್ನು ಸ್ಥೂಲವಾಗಿ ಲೆಕ್ಕಿಸಿದರೆ ಈ ಸೂರಿಗೆ ಸುಮಾರು 220 ಕಿಲೊ ಆಗುತ್ತದೆ. ಕಲ್ಲು ಸೇರಿದ ಸೂರಿನ ತೂಕವೂ ಹೆಚ್ಚು ಕಡಿಮೆ ಅಷ್ಟೇ. ಅದಕ್ಕಿಂತ ಮೆಲ್ಲನೆ ಬೀಸುವ ಗಾಳಿಗೆ ಸೂರು ಅಲುಗುವುದಿಲ್ಲ. ಆದರೆ ಗಾಳಿಯ ವೇಗ ಎರಡರಷ್ಟಾದರೆ ಸೆಳೆತ ನಾಲ್ಕರಷ್ಟಾಗುತ್ತದೆ. 100 ಕಿಲೋಮೀಟರು ವೇಗಕ್ಕೆ ಆ ಸೆಳೆತ 870 ಕಿಲೊ. ಎಂಟೂವರೆ ಕ್ವಿಂಟಲಿಗೂ ಹೆಚ್ಚು ತೊಗರಿಯನ್ನು ಒಮ್ಮೆಲೇ ಎತ್ತುವ ಬಲ! ಬಾಗಿಲು ತೆರೆದಿದ್ದು ಗಾಳಿ ಒಳಹೊಕ್ಕರೆ ಅದು ಇನ್ನೂ ಏರುತ್ತದೆ. ಕಲ್ಲಿನ ಮೋಸವಿರುವುದು ಇಲ್ಲಿಯೇ. ಕಾವಲು ಬೇಡವಾದ ದಿನಗಳಲ್ಲೆಲ್ಲ ಅದು ನಿಷ್ಠೆಯಿಂದ ಕಾಯುತ್ತದೆ; ಬೇಕಾದ ಒಂದು ದಿನ ಶತ್ರುವಿನ ಪಕ್ಷ ಸೇರುತ್ತದೆ.

ಹಾಗಾದರೆ ಉಪಾಯವೇನು? ಭಾರವನ್ನು ಹಂಚಿಕೊಡುವುದು. ಸೂರಿನ ಉದ್ದಕ್ಕೆ ನಾಲ್ಕು ಅಡ್ಡಪೈಪುಗಳಿದ್ದು, ಒಂದೊಂದರ ಮೇಲೆಯೂ ಅಡಿಗೊಂದರಂತೆ ರಬ್ಬರು ವಾಷರುಳ್ಳ ತಿರುಪು ಹಾಕಿದರೆ ಒಟ್ಟು 84 ತಿರುಪುಗಳಾಗುತ್ತವೆ. ಆ 870 ಕಿಲೊ ಇವುಗಳ ನಡುವೆ ಹಂಚಿಹೋದಾಗ ಒಂದೊಂದರ ಪಾಲಿಗೆ ಬರುವುದು ಹತ್ತು ಹನ್ನೊಂದು ಕಿಲೊ ಮಾತ್ರ. ಅಂಚುಗಳಲ್ಲಿಯೂ ಮೂಲೆಗಳಲ್ಲಿಯೂ ಸೆಳೆತ ಹೆಚ್ಚಾದುದರಿಂದ ಅಲ್ಲಿ ತಿರುಪುಗಳನ್ನು ಇನ್ನೂ ಒತ್ತಾಗಿ ಹಾಕಬೇಕು. ನೆರಳಿಗೆಂದು ಗೋಡೆಯಿಂದಾಚೆ ಹಾಳೆಯನ್ನು ಉದ್ದುದ್ದ ಚಾಚಿ ಬಿಡುವುದೂ ಸಲ್ಲದು; ಗಾಳಿ ಮೊದಲು ಕೈಹಾಕುವುದು ಆ ಚಾಚಿಗೇ.

ಆದರೆ ಹಾಳೆಯನ್ನು ಪೈಪಿಗೆ ಬಿಗಿದು, ಪೈಪನ್ನು ಗೋಡೆಯ ಮೇಲೆ ಸುಮ್ಮನೆ ಮಲಗಿಸಿದರೆ ಫಲವಿಲ್ಲ. ಆಗ ಹಾಳೆಯೊಂದೇ ಹಾರುವ ಬದಲು ಪೈಪು ಸಹಿತ ಇಡೀ ಸೂರೇ ಹಾರುತ್ತದೆ. ಪ್ರತಿ ಪೈಪಿನ ತುದಿಗೂ ಸುಮಾರು ಅರ್ಧ ಕ್ವಿಂಟಲು, ನಡುವಿನ ಆಸರೆಗೆ ಒಂದು ಕ್ವಿಂಟಲು ಸೆಳೆತ ಬರುವುದರಿಂದ ಅದರ ಎರಡರಷ್ಟನ್ನು ತಡೆಯುವಂತೆ ಬಿಗಿಯುವುದು ಕ್ಷೇಮ. ಇದಕ್ಕೆ ಗೋಡೆ ಏರುತ್ತಿರುವಾಗಲೇ ಎರಡು ಅಡಿ ಆಳಕ್ಕೆ ಕಬ್ಬಿಣದ ಸಲಾಕೆಯನ್ನಿಳಿಸಿ, ಅದರ ಕೆಳತುದಿಗೆ ಅಡ್ಡ ಸಲಾಕೆ ಬೆಸೆದು, ಕಾಂಕ್ರೀಟಿನಲ್ಲಿ ಹೂಳಿ, ಮೇಲ್ತುದಿಯನ್ನು ಪೈಪಿಗೆ ಬಿಗಿಯಬೇಕು. ಒಂದು ಘನ ಅಡಿ ಕಲ್ಲುಗೋಡೆ 60 ಕಿಲೊಗಿಂತ ಹೆಚ್ಚು ತೂಗುತ್ತದೆ. ಸಿಮೆಂಟಿನಲ್ಲಿ ಕಟ್ಟಿದ ಗೋಡೆಯ ನಾಲ್ಕು ಘನ ಅಡಿಯನ್ನು ಹಿಡಿದ ಸಲಾಕೆಯನ್ನು ಕೀಳಬೇಕಾದರೆ ಗಾಳಿಯು 240 ಕಿಲೊ ಕಲ್ಲನ್ನು ಎತ್ತಬೇಕಾಗುತ್ತದೆ. ಮಣ್ಣಿನಲ್ಲಿ ಕಟ್ಟಿದ ಗೋಡೆಯಾದರೆ ಸಲಾಕೆಯನ್ನು ತಳಪಾಯದವರೆಗೂ ಒಯ್ಯಬೇಕು. ಕಲ್ಲು ಕಾಯುವುದು ನಿಜ. ಆದರೆ ಅದರ ಸ್ಥಾನ ಸೂರಿನ ಮೇಲಲ್ಲ, ಸೂರಿನ ಕೆಳಗೆ.

ಇನ್ನು ಹಣದ ಮಾತು. ಸಾಮಾನ್ಯವಾಗಿ ಕೈಯಲ್ಲಿದ್ದ ಹಣಕ್ಕೆಲ್ಲ ಹಾಳೆಯನ್ನೇ ಕೊಂಡು, ಉಳಿದ ಪುಡಿಕಾಸಿನಲ್ಲಿ ತಿರುಪು ಕೊಳ್ಳುವುದು ವಾಡಿಕೆ. ಸಲಾಕೆಗೆ ಹಣವೇ ಉಳಿಯುವುದಿಲ್ಲ. ಕಲ್ಲು ಪುಕ್ಕಟೆ ಸಿಗುತ್ತದೆ. ಅಂದಾಜುಪಟ್ಟಿಯನ್ನು ತಲೆಕೆಳಗು ಮಾಡಿ ಬರೆಯುವುದೇ ಜಾಣತನ. ಮೊದಲು ಸಲಾಕೆ ಮತ್ತು ಕಾಂಕ್ರೀಟು, ಬಳಿಕ ಪೈಪು, ಆಮೇಲೆ ತಿರುಪು ಮತ್ತು ವಾಷರು, ಕಡೆಯಲ್ಲಿ ಹಾಳೆ. ಹಣ ಸಾಲದಿದ್ದರೆ ತಿರುಪು ಕಡಿಮೆ ಮಾಡದೆ ಕೋಣೆಯನ್ನೇ ಕಡಿಮೆ ಮಾಡಬೇಕು. 20 ಅಡಿಯ ಬದಲು ಈ ವರುಷ 14 ಅಡಿ ಹೊದಿಸಿ, ಮಿಕ್ಕುದನ್ನು ಮುಂದಿನ ಸುಗ್ಗಿಗೆ ಬಿಟ್ಟರೆ ಮಾನಹಾನಿಯೇನೂ ಇಲ್ಲ. ಕಮಲಾಪುರದ ಹೆಸರಾಂತ ಕೆಂಪು ಬಾಳೆ ಬೆಳೆಯುವವನಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆಸರೆ ಕೊಡಲಾಗದಷ್ಟು ಬಾಳೆ ನೆಟ್ಟರೆ ಗಾಳಿಯ ಪಾಲಾಗುತ್ತದೆಂಬುದು ಅವನಿಗೆ ತಿಳಿದ ವಿಷಯವೇ.

ಒಮ್ಮೆ ಬಿಗಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಿಸಿಲು ನೆರಳುಗಳ ನಡುವೆ ಹಾಳೆಯ ಕಾವು 40 ಡಿಗ್ರಿ ಏರಿಳಿದರೆ ಹತ್ತಡಿಯ ಹಾಳೆ ಸುಮಾರು ಒಂದೂವರೆ ಮಿಲಿಮೀಟರು ಹಿಗ್ಗಿ ಕುಗ್ಗುತ್ತದೆ. ನಿತ್ಯದ ಈ ಅಲುಗಾಟಕ್ಕೆ ತಿರುಪು ಸಡಿಲುತ್ತದೆ. ವಾಷರು ಬಿಸಿಲಿಗೆ ಒಡೆಯುತ್ತದೆ. ಉಗಾದಿಗೆ ಮನೆ ಸಾರಿಸಿ ಸುಣ್ಣ ಬಳಿಯುವಾಗಲೇ ಏಣಿ ಹಾಕಿ ತಿರುಪುಗಳನ್ನೊಮ್ಮೆ ಪರೀಕ್ಷಿಸಿ, ಸಡಿಲಾದುದನ್ನು ಬಿಗಿದು, ಒಡೆದುದನ್ನು ಬದಲಾಯಿಸಿದರೆ ಅಶ್ವಿನಿಯ ಗಾಳಿ ಬರುವ ವೇಳೆಗೆ ಸೂರು ಸಿದ್ಧವಾಗಿರುತ್ತದೆ.

ಹೀಗೆ ಬಿಗಿದಾದ ಮೇಲೆ ಆ ಹನ್ನೆರಡು ಕಲ್ಲುಗಳನ್ನು ಒಂದೊಂದಾಗಿ ಜೋಪಾನದಿಂದ ಕೆಳಗಿಳಿಸಬೇಕು. ಬಚ್ಚಲಿನ ಹಾಸಿಗೋ, ಹೊಸ್ತಿಲ ಮುಂದಿನ ಮೆಟ್ಟಿಲಿಗೋ ಅವು ಚೆನ್ನಾಗಿ ಒದಗುತ್ತವೆ.