ನಮ್ಮ ದುಡ್ಡು ಯಾರ ಹೆಸರಿನಲ್ಲಿದೆ?

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ, ಬೇಲೂರು, ಹುಳಿಯಾರು ದಾಟಿ ಶಿರಾ, ಮಧುಗಿರಿ ಮಾರ್ಗವಾಗಿ ತಮಿಳುನಾಡಿನ ವಿಲ್ಲುಪುರಂಗೆ ಹೋಗುವ ಹೆದ್ದಾರಿಗೆ ಹಿಂದೆ 234 ಎಂಬ ನಂಬರ್ ಇತ್ತು. ವ್ಯಾಪಾರಕ್ಕೆಂದು ಘಟ್ಟ ಹತ್ತುವುದು ನಮ್ಮ ಬ್ಯಾರಿಗಳಿಗೆ ಹೊಸತೇನಲ್ಲ. ಆದರೆ ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪೇಟೆಗಳಲ್ಲಿ ಇನ್ನೊಂದು ವ್ಯಾಪಾರದ ಮಾತು ಜೋರಾಗಿದೆ. ಅದು ಮೊಬೈಲ್‌ನಲ್ಲಿ ನಡೆಯುವ ಷೇರು ವ್ಯಾಪಾರ.

ಈ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಿರಿಯರು, "ಷೇರು ಅಂದ್ರೆ ಜೂಜು, ಐಎಂಎಯಲ್ಲಿ ಕಳಕೊಂಡದ್ದು ಸಾಲದೇ?" ಅಂತಾರೆ. ಹುಡುಗರು, "ವಾಟ್ಸ್ಆ್ಯಪ್ ಗ್ರೂಪಿನಲ್ಲಿ ದಿನಾ ಟಿಪ್ಸ್ ಬರುತ್ತೆ, ತಿಂಗಳಲ್ಲಿ ಡಬಲ್" ಅಂತಾರೆ. ಇಬ್ಬರೂ ಹೇಳುತ್ತಿರುವುದು ಷೇರು ಮಾರುಕಟ್ಟೆಯ ಬಗ್ಗೆ ಅಲ್ಲ. ಅದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಐಎಂಎ ಕಥೆ. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಸಂಸ್ಥೆ "ಬಡ್ಡಿ ಅಲ್ಲ, ಹಲಾಲ್ ಲಾಭ" ಎಂದು ಹೇಳಿ ಸುಮಾರು 4,000 ಕೋಟಿ ರೂಪಾಯಿ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ಮನ್ಸೂರ್ ಖಾನ್ ದುಬೈಗೆ ಪರಾರಿಯಾದ. ಜುಲೈಯಲ್ಲಿ ದಿಲ್ಲಿಗೆ ಬಂದಿಳಿದಾಗ ಬಂಧನವಾಯಿತು, ಆಮೇಲೆ ತನಿಖೆ ಸಿಬಿಐಗೆ ಹೋಯಿತು. ದೂರು ಕೊಟ್ಟವರು ಹತ್ತಾರು ಸಾವಿರ ಮಂದಿ. ಮಗಳ ಮದುವೆಗೆಂದು ಕೂಡಿಟ್ಟದ್ದು, ಹಜ್‌ಗೆಂದು ಎತ್ತಿಟ್ಟದ್ದು, ಗಲ್ಫ್‌ನಲ್ಲಿ ದುಡಿದು ಕಳಿಸಿದ್ದು ಎಲ್ಲ ಅದರಲ್ಲಿ ಹೋಯಿತು. ಅದೇ ವರ್ಷ ತುಮಕೂರು ನಗರದಲ್ಲೂ ಇಂಥದೇ ಹೂಡಿಕೆ ವಂಚನೆಯ ದೂರುಗಳು ಬಂದವು.

ಆದರೆ ಐಎಂಎ ಷೇರು ಮಾರುಕಟ್ಟೆ ಆಗಿರಲಿಲ್ಲ. ಅಲ್ಲಿ ಜನ ಯಾವ ಷೇರನ್ನೂ ಕೊಂಡಿರಲಿಲ್ಲ. ಪಾಲುದಾರರು ಅಂತ ಕಾಗದದಲ್ಲಿ ಹೆಸರು ಬರೆಸಿಕೊಂಡು ಒಬ್ಬ ಮನುಷ್ಯನ ಕೈಗೆ ದುಡ್ಡು ಕೊಟ್ಟಿದ್ದರು. ಆ ದುಡ್ಡು ಎಲ್ಲಿ ಹೋಯಿತು ಎಂದು ನೋಡುವ ದಾರಿ ಅವರಿಗೆ ಇರಲಿಲ್ಲ. ತಿಂಗಳಿಗೆ ಶೇ. 2.5ರಿಂದ 3 ಲಾಭ ಎಂದರೆ ವರ್ಷಕ್ಕೆ ಶೇ. 30ಕ್ಕೂ ಮೇಲೆ. ಯಾವ ನಿಜ ವ್ಯಾಪಾರವೂ ತಿಂಗಳು ತಿಂಗಳು ತಪ್ಪದೆ ಅಷ್ಟು ಕೊಡುವುದಿಲ್ಲ, ಅಂಗಡಿ ಇಟ್ಟ ನಮಗೆ ಇದನ್ನು ಬೇರೆಯವರು ಹೇಳಬೇಕಿಲ್ಲ.

ಇದರಿಂದ ಕಲಿಯಬೇಕಾದ ಮೊದಲ ಪಾಠ: ಹಲಾಲ್ ಹೌದೋ ಅಲ್ಲವೋ ಎಂಬುದು ಒಂದು ಪ್ರಶ್ನೆ. ಅಸಲು ಇದೆಯೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉಲಮಾಗಳನ್ನು ಕೇಳಿ. ಎರಡನೆಯದಕ್ಕೆ ಅವರು ಉತ್ತರ ಹೇಳಲಾರರು, ಅದಕ್ಕೆ ದಾಖಲೆ ಬೇಕು.

ಷೇರಿನಲ್ಲಿ ದಾಖಲೆ ಹೇಗಿರುತ್ತದೆ ನೋಡಿ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸೆಬಿ ನೋಂದಾಯಿತ ಬ್ರೋಕರ್ ಮೂಲಕ ಡಿಮ್ಯಾಟ್ ಖಾತೆ ತೆರೆಯಬಹುದು. ನೀವು ಕೊಂಡ ಷೇರು ಬ್ರೋಕರ್ ಹತ್ತಿರ ಇರುವುದಿಲ್ಲ. ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿಯಲ್ಲಿ ನಿಮ್ಮ ಹೆಸರಿನಲ್ಲೇ ಇರುತ್ತದೆ. 2023ರ ಜನವರಿಯಿಂದ, ಇವತ್ತು ಕೊಂಡರೆ ಮರುದಿನದ ವಹಿವಾಟಿನಲ್ಲೇ ಅದು ಖಾತೆಗೆ ಬರುತ್ತದೆ. ಆ ಡಿಪಾಸಿಟರಿಯಿಂದಲೇ ನಿಮ್ಮ ಇಮೇಲ್‌ಗೆ ಖಾತೆಯ ವಿವರ ಬರುತ್ತದೆ. ಬ್ರೋಕರ್‌ನ ಆ್ಯಪ್‌ನಲ್ಲಿ ತೋರಿಸುವುದಕ್ಕೂ ಇದಕ್ಕೂ ತಾಳೆ ಆಗುತ್ತದೋ ಎಂದು ನೋಡಿಕೊಳ್ಳುವುದು ನಿಮ್ಮ ಕೆಲಸ. ಖಾತೆಗೆ ಕೊಡುವ ಫೋನ್ ನಂಬರ್, ಇಮೇಲ್ ನಿಮ್ಮದೇ ಆಗಿರಲಿ. ಅಳಿಯನದ್ದೋ ಏಜೆಂಟನದ್ದೋ ಬೇಡ.

ಇನ್ನು ಹುಡುಗರ ಮಾತು. ಅವರಲ್ಲಿ ಹಲವರು ಆಡುತ್ತಿರುವುದು ಆಪ್ಷನ್ಸ್, ಅಂದರೆ ಎಫ್ ಅಂಡ್ ಒ. ಅದರಲ್ಲಿ ಕಂಪನಿಯ ಪಾಲು ಕೊಳ್ಳುವುದಿಲ್ಲ. ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಗಡುವಿನೊಳಗೆ ಪಣ ಕಟ್ಟಿದ ಹಾಗೆ ಆಡುವವರೇ ಹೆಚ್ಚು. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2024-25ರಲ್ಲೂ ಶೇ. 91 ಮಂದಿಗೆ ನಷ್ಟವೇ. ಬೆಳಗ್ಗೆ ಕೊಂಡು ಸಂಜೆಗೆ ಮಾರುವ ಇಂಟ್ರಾಡೇಯಲ್ಲೂ ಹತ್ತರಲ್ಲಿ ಏಳು ಮಂದಿ ಕಳಕೊಂಡಿದ್ದಾರೆ. ಹಿರಿಯರು ಜೂಜು ಎನ್ನುವುದು ಇದಕ್ಕಾದರೆ ಅವರ ಮಾತು ಸುಳ್ಳಲ್ಲ. ಹೊಸಬರು ಇದರ ಹತ್ತಿರವೂ ಹೋಗಬಾರದು.

ವಾಟ್ಸ್ಆ್ಯಪ್, ಟೆಲಿಗ್ರಾಂ ಗ್ರೂಪಿನ ಮೋಸ ಇದಕ್ಕಿಂತಲೂ ಕಡೆ. ಅಲ್ಲಿ ಆ್ಯಪೇ ನಕಲಿ. ಪರದೆ ಮೇಲೆ ಲಾಭ ಏರುತ್ತಲೇ ಇರುತ್ತದೆ, ವಾಪಸ್ ಕೇಳಿದಾಗ "ಮೊದಲು ಟ್ಯಾಕ್ಸ್ ಕಟ್ಟಿ" ಅಂತಾರೆ. ಇದನ್ನು ಹಿಡಿಯುವ ಗುರುತು ಸುಲಭ: ದುಡ್ಡು ಯಾರ ಖಾತೆಗೆ ಹೋಗುತ್ತಿದೆ? ಯಾರದೋ ವೈಯಕ್ತಿಕ ಖಾತೆಗೆ, ಎಲ್ಲೋ ಇರುವ ಟ್ರೇಡರ್ಸ್ ಒಂದರ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ. 2025ರ ಅಕ್ಟೋಬರ್‌ನಿಂದ ಸೆಬಿ ಒಂದು ವ್ಯವಸ್ಥೆ ತಂದಿದೆ. ಅದರಂತೆ ನೋಂದಾಯಿತ ಬ್ರೋಕರ್, ಮ್ಯೂಚುವಲ್ ಫಂಡ್‌ಗಳ ಯುಪಿಐ ವಿಳಾಸದಲ್ಲಿ 'ವ್ಯಾಲಿಡ್' ಎಂಬ ಪದ ಇರುತ್ತದೆ. ಪಾವತಿಸುವಾಗ ಹಸಿರು ತ್ರಿಕೋನದಲ್ಲಿ ಹೆಬ್ಬೆಟ್ಟು ಎತ್ತಿದ ಗುರುತು ಕಾಣುತ್ತದೆ. 'ಸೆಬಿ ಚೆಕ್' ಸೌಲಭ್ಯದಲ್ಲಿ ಖಾತೆ ನಂಬರ್ ಹಾಕಿಯೂ ಪರೀಕ್ಷಿಸಬಹುದು. ಮೋಸ ಆಗಿಯೇ ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

ಹಾಗಾದರೆ ಹೊಸಬರು ಹೇಗೆ ಶುರು ಮಾಡಬೇಕು? ಪಾವಗಡದ ಒಂದು ಉದಾಹರಣೆ ತಗೊಳ್ಳೋಣ. ತಿರುಮಣಿ ಸುತ್ತಮುತ್ತಲ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯಿತು. ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಎಂಬುದು ಒಪ್ಪಂದ. ಶೇಂಗಾ ಬೆಳೆದು ಮಳೆ ಕಾಯುತ್ತಿದ್ದ ನೆಲದಲ್ಲಿ ಇದೊಂದು ನಿಶ್ಚಿತ ವರಮಾನ. ಆದರೆ ಬೆಲೆಯೇರಿಕೆ ವರ್ಷಕ್ಕೆ ನಾಲ್ಕೈದು ಶೇಕಡಾ ಇದ್ದರೆ, ಎರಡು ವರ್ಷಕ್ಕೆ ಐದು ಶೇಕಡಾ ಏರುವ ಗುತ್ತಿಗೆ ಅದರ ಹಿಂದೆ ಬೀಳುತ್ತದೆ. ಗುತ್ತಿಗೆ ದುಡ್ಡಾಗಲಿ, ಬೇಕರಿಯ ಉಳಿತಾಯವಾಗಲಿ, ಸ್ವಲ್ಪ ಭಾಗ ಬೆಳೆಯುವ ಕಡೆ ಇರಬೇಕು ಎನ್ನುವುದು ಇದಕ್ಕೇ.

ಐದು ಎಕರೆ ಕೊಟ್ಟ ಮನೆಗೆ ವರ್ಷಕ್ಕೆ 1,05,000 ರೂಪಾಯಿ ಬರುತ್ತದೆ ಎಂದುಕೊಳ್ಳಿ. ಮೊದಲು ಕೈಸಾಲ ತೀರಲಿ. ಆರು ತಿಂಗಳ ಮನೆ ಖರ್ಚು ಬೇರೆ ಇರಲಿ. ಎರಡು ಮೂರು ವರ್ಷದಲ್ಲಿ ಬೇಕಾಗುವ ಮದುವೆ, ಹಜ್, ಓದಿನ ದುಡ್ಡು ಷೇರಿಗೆ ಬೇಡವೇ ಬೇಡ. ಇಷ್ಟಾಗಿ ಉಳಿದದ್ದರಲ್ಲಿ ತಿಂಗಳಿಗೆ 500, 1,000 ರೂಪಾಯಿಯಿಂದ ಶುರು ಮಾಡಿ. ಒಂದೇ ಕಂಪನಿಯ ಷೇರಿಗಿಂತ ಹಲವು ಕಂಪನಿಗಳನ್ನು ಒಟ್ಟಿಗೆ ಹಿಡಿಯುವ ಫಂಡ್ ಹೊಸಬರಿಗೆ ಸರಿ. ಕಣ್ಣೆದುರು ಸೋಲಾರ್ ಫಲಕ ಕಾಣುತ್ತದೆ ಅಂತ ಸೋಲಾರ್ ಕಂಪನಿಯ ಷೇರಿಗೇ ಎಲ್ಲ ಸುರಿಯುವುದು ಜಾಣತನವಲ್ಲ.

ಬಡ್ಡಿ, ಮದ್ಯ, ಜೂಜಿನ ವ್ಯವಹಾರ ಬೇಡ ಎನ್ನುವವರಿಗೂ ದಾರಿ ಇದೆ. ಎನ್‌ಎಸ್‌ಇಯಲ್ಲಿ ನಿಫ್ಟಿ 50 ಶರಿಯಾ, ನಿಫ್ಟಿ 500 ಶರಿಯಾ ಎಂಬ ಸೂಚ್ಯಂಕಗಳಿವೆ. ಬ್ಯಾಂಕ್, ಮದ್ಯ, ತಂಬಾಕು ಕಂಪನಿಗಳನ್ನೂ ಬಡ್ಡಿಸಾಲ ಮಿತಿ ಮೀರಿದವರನ್ನೂ ಅವು ಬಿಟ್ಟುಬಿಡುತ್ತವೆ. ಇಂಥ ನಿಯಮದಲ್ಲಿ ನಡೆಯುವ ಟಾಟಾ ಎಥಿಕಲ್, ಟಾರಸ್ ಎಥಿಕಲ್‌ನಂಥ ಫಂಡ್‌ಗಳೂ ಇವೆ. ಇವನ್ನೇ ಕೊಳ್ಳಿ ಎನ್ನುತ್ತಿಲ್ಲ, ಐಎಂಎಯಂಥವರ ಬಾಗಿಲಿಗೆ ಹೋಗದೆಯೂ ಕಾನೂನಿನ ಚೌಕಟ್ಟಿನೊಳಗೆ ದಾರಿ ಇದೆ ಎಂದಷ್ಟೇ ಹೇಳುತ್ತಿದ್ದೇನೆ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಲಾಭಾಂಶದ ಶುದ್ಧೀಕರಣ, ಝಕಾತ್ ಲೆಕ್ಕ ಇವನ್ನೆಲ್ಲ ನಿಮ್ಮ ಖತೀಬರಲ್ಲಿ ಕೇಳಿ. ಶರಿಯಾ ಫಂಡ್ ಎಂದ ಮಾತ್ರಕ್ಕೆ ನಷ್ಟ ಆಗುವುದಿಲ್ಲ ಎಂದೂ ಅಲ್ಲ.

ನಷ್ಟದ ಮಾತನ್ನು ಮುಚ್ಚಿಡಬಾರದು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 9,000ಕ್ಕಿಂತ ಕೆಳಗೆ ಬಿತ್ತು. ಮತ್ತೆ 21,000 ಕಾಣಲು 2010ರ ಕೊನೆ ಬೇಕಾಯಿತು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿದು 26,000ದ ಕೆಳಗೆ ಬಂತು. ಮುಂದಿನ ಜನವರಿಯಲ್ಲಿ 50,000 ಮುಟ್ಟಿತು. ಬಿದ್ದ ದಿನ ಹೆದರಿ ಮಾರಿದವರಿಗೆ ನಷ್ಟ ಖಾಯಂ ಆಯಿತು. ಕಾಯುವ ಶಕ್ತಿ ಇದ್ದವರು ಉಳಿದರು. ಆ ಶಕ್ತಿ ಬರುವುದು ಧೈರ್ಯದಿಂದಲ್ಲ, ಐದಾರು ವರ್ಷ ಬೇಡದ ದುಡ್ಡನ್ನು ಮಾತ್ರ ಹಾಕುವುದರಿಂದ.

ಇನ್ನೊಂದು ವಿಷಯ ಮನೆಯವರೆಲ್ಲ ಕೂತು ಮಾತಾಡಬೇಕಾದದ್ದು. ಖಾತೆಗೆ ನಾಮಿನಿ ಹಾಕಿ. ಆದರೆ ನಾಮಿನಿ ಆದ ಮಾತ್ರಕ್ಕೆ ಅವರೇ ವಾರಸುದಾರರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಷೇರುಗಳ ವಿಷಯದಲ್ಲೇ ಸ್ಪಷ್ಟವಾಗಿ ಹೇಳಿದೆ. ಹಿರಿಮಗನ ಹೆಸರು ನಾಮಿನಿಯಲ್ಲಿದ್ದರೂ ಉಮ್ಮನ, ಹೆಣ್ಣುಮಕ್ಕಳ ಪಾಲು ಹೋಗುವುದಿಲ್ಲ. ಅವರಿಗೆ ಖಾತೆ ಇರುವುದೇ ಗೊತ್ತಿಲ್ಲದಿದ್ದರೆ ಮಾತ್ರ ಹೋಗುತ್ತದೆ. ಯಾವ ಬ್ರೋಕರ್, ಯಾವ ಬ್ಯಾಂಕ್ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಡಿ. ಪಾಸ್‌ವರ್ಡ್ ಮಾತ್ರ ಯಾರಿಗೂ ಬೇಡ.

ತೆರಿಗೆ ಬಗ್ಗೆ ಒಂದು ಮಾತು. 2024ರ ಜುಲೈ 23ರಿಂದ, ಷೇರನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದರೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ. 12.5, ಒಂದು ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ. 20. ಕಾಯುವವನಿಗೆ ಇಲ್ಲೂ ಅನುಕೂಲ. ಏನಾದರೂ ಸಂಶಯ ಇದ್ದರೆ ಸೆಬಿಯ ಉಚಿತ ಸಹಾಯವಾಣಿ 1800 266 7575 ಇದೆ. ಬ್ರೋಕರ್ ಮೇಲೆ ದೂರಿದ್ದರೆ 'ಸ್ಕೋರ್ಸ್' ತಾಣದಲ್ಲಿ ಕೊಡಬಹುದು.

ಐಎಂಎ ಹೊತ್ತಿನಲ್ಲಿ ನಮ್ಮವರು ಕೇಳಿದ್ದು "ತಿಂಗಳಿಗೆ ಎಷ್ಟು ಕೊಡ್ತಾರೆ?" ಅಂತ. ಮುಂದೆ ಯಾರೇ ಬಂದು ಸಲಾಂ ಹೇಳಿ ಹೂಡಿಕೆಯ ಮಾತು ತೆಗೆದರೂ ಮೊದಲು ಕೇಳಬೇಕಾದದ್ದು ಬೇರೆ: ಈ ದುಡ್ಡು ಯಾರ ಹೆಸರಿನಲ್ಲಿ ಇರುತ್ತದೆ, ಅದನ್ನು ನಾನೇ ನೋಡುವುದು ಹೇಗೆ? ಉತ್ತರ ಬರುವ ತನಕ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.