ದೇವಿಯ ಸಾಕ್ಷಿ ಸಾಲದು

ಹೆಣ್ಣುಮಕ್ಕಳು ಗಡಿಯಲ್ಲಿ ಬಂದೂಕು ಹಿಡಿದು ಕಾದಬಹುದೇ ಎಂಬ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: ‘ಮಹಿಷನನ್ನು ಕೊಂದ ಚಾಮುಂಡಿಯನ್ನು ಪೂಜಿಸುವ ಧರ್ಮ ಬೇಡ ಅಂದೀತೇ?’ ಹೇಳುವವರ ಆಶಯ ಒಳ್ಳೆಯದೇ. ಆದರೆ ಈ ಸಾಕ್ಷಿ ನಿಲ್ಲುವುದಿಲ್ಲ ಎಂಬುದು ನನ್ನ ಸಣ್ಣ ತಕರಾರು.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರುಮಾಡಿದಾಗಿನಿಂದ ಈ ಸೀಮೆ ಆಯುಧ ಹಿಡಿದ ದೇವಿಗೆ ಉತ್ಸವ ಮಾಡಿಕೊಂಡು ಬಂದಿದೆ. ಗಂಜಾಂನ ನಿಮಿಷಾಂಬೆಯೂ ಸ್ಥಳಪುರಾಣದ ಪ್ರಕಾರ ರಕ್ಕಸರನ್ನು ಸಂಹರಿಸಿದವಳು. ಅವಳ ಮುಂದೆ ನಿಂತು ನಾವು ಬೇಡುವುದೇನು? ಮಗಳಿಗೆ ಬೇಗ ಕಂಕಣಭಾಗ್ಯ ಕೂಡಿಬರಲಿ ಅಂತ. ಮಗಳು ಸೈನ್ಯ ಸೇರಲಿ ಎಂದು ಹರಕೆ ಹೊತ್ತವರನ್ನು ನಾನಂತೂ ಕಂಡಿಲ್ಲ. ಪಾಂಡವಪುರದ ಬೆಟ್ಟಕ್ಕೆ ಹೆಸರು ಕೊಟ್ಟ ಕುಂತಿ ಕೂಡ ಮಕ್ಕಳನ್ನು ಯುದ್ಧಕ್ಕೆ ಕಳಿಸಿದ ತಾಯಿಯೇ ಹೊರತು ಬಿಲ್ಲು ಹಿಡಿದವಳಲ್ಲ.

ಊರ ಕಲ್ಲುಗಳನ್ನು ಕೇಳಿ ನೋಡಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೇ ಶತಮಾನದಲ್ಲಿ ಕಲ್ಲು ನಿಂತಿತು. ಹೆಣ್ಣಿಗೆ ಸಿಕ್ಕಿದ್ದು ಹೆಚ್ಚಾಗಿ ಮಾಸ್ತಿಕಲ್ಲು: ಕಂಬದಿಂದ ಹೊರಟು ಮೇಲಕ್ಕೆ ಮಡಿಚಿದ ತೋಳು, ತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಅದು ಚಿತೆ ಏರಿದ್ದಕ್ಕೆ, ಕತ್ತಿ ಎತ್ತಿದ್ದಕ್ಕಲ್ಲ.

ಅಪವಾದ ಇದೆ. ನಾಗಮಂಗಲ, ಕೆ.ಆರ್. ಪೇಟೆ ದಾಟಿದರೆ ಶ್ರವಣಬೆಳಗೊಳ. ಅಲ್ಲಿನ ಗಂಗರ ಕಾಲದ ವೀರಗಲ್ಲಿನಲ್ಲಿ ಸಾವಿಯಬ್ಬೆ ಎಂಬ ಶ್ರಾವಕಿ ಕುದುರೆಯೇರಿ, ಕತ್ತಿ ಬೀಸಿ, ಆನೆಯ ಮೇಲಿನವನನ್ನು ಎದುರಿಸುತ್ತಿದ್ದಾಳೆ. ಗಂಡನ ಜೊತೆ ಕಾಳಗಕ್ಕೆ ಹೋಗಿ ಮಡಿದವಳು. ಇರುವೆ ತುಳಿಯಲೂ ಅಂಜುವ ಜೈನಧರ್ಮದ ಕ್ಷೇತ್ರ ಅವಳಿಗೆ ಜಾಗ ಕೊಟ್ಟಿತು. ಹೊಗಳಿದ್ದು ಮಾತ್ರ ಸೀತೆ, ಅರುಂಧತಿಯರ ಸಾಲಿಗೆ ಸೇರಿಸಿ! ಅವಳು ಮೊದಲು ಕಾದಿದಳು; ಧರ್ಮ ಆಮೇಲೆ ಅದಕ್ಕೊಂದು ಒಪ್ಪಿಗೆಯ ಮಾತು ಹುಡುಕಿತು.

ಎಲ್ಲ ಧರ್ಮಗಳಲ್ಲೂ ಹೀಗೆಯೇ. ಉಹುದ್ ಕಾಳಗದಲ್ಲಿ ಪ್ರವಾದಿಗೆ ಅಡ್ಡನಿಂತು ಹೋರಾಡಿದ ನುಸೈಬಾ ಇದ್ದಾಳೆ, ಬೈಬಲ್ಲಿನಲ್ಲಿ ದಂಡಿನ ಜೊತೆ ಹೊರಟ ದೆಬೋರಾ ಇದ್ದಾಳೆ. ಅದೇ ಬೈಬಲ್ಲಿನಲ್ಲಿ ಗಂಡಿನ ಉಡುಗೆ ಹೆಣ್ಣಿಗೆ ಸಲ್ಲದೆಂಬ ಕಟ್ಟಳೆಯೂ ಇದೆ, ನಮ್ಮಲ್ಲಿ ಶಿಖಂಡಿಯನ್ನು ಕಂಡು ಬಿಲ್ಲು ಇಳಿಸಿದ ಭೀಷ್ಮನಿದ್ದಾನೆ. ಯಾರಿಗೆ ಯಾವುದು ಬೇಕೋ ಅದು ಸಿಗುತ್ತದೆ.

ಇನ್ನು ನಿಜವಾದ ಅಡ್ಡಿಯ ಮಾತು. ಸೇನೆಯ ಮಹಿಳಾ ಅಧಿಕಾರಿಗಳ ಕಾಯಂ ನೇಮಕಾತಿಯ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ ಶಾಸ್ತ್ರ ತೆಗೆಯಲಿಲ್ಲ. ಸೈನಿಕರು ಬಹುಪಾಲು ಹಳ್ಳಿಯವರು, ಹೆಣ್ಣಿನ ಆಜ್ಞೆಗೆ ತಲೆಬಾಗಲು ಅವರ ಮನಸ್ಸು ಇನ್ನೂ ಅಣಿಯಾಗಿಲ್ಲ ಎಂದಿತು. 2020ರ ಫೆಬ್ರುವರಿ 17ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಆದರೂ ದೂರು ಬಿದ್ದದ್ದು ದೇವರ ಮೇಲಲ್ಲ, ನಮ್ಮಂಥ ಊರುಗಳ ಮೇಲೆ. ಅದಕ್ಕೆ ಚಾಮುಂಡಿ ಉತ್ತರ ಕೊಡಲಾರಳು.

2022ರಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) ಹುಡುಗಿಯರಿದ್ದಾರೆ, 2023ರಲ್ಲಿ ಫಿರಂಗಿ ದಳಕ್ಕೂ ಮಹಿಳಾ ಅಧಿಕಾರಿಗಳು ಬಂದರು. ಪದಾತಿ ದಳದ ಬಾಗಿಲು ಇನ್ನೂ ತೆರೆದಿಲ್ಲ. ಪಿಯುಸಿ ಓದುವ ಮಗಳು ಎನ್‌ಡಿಎ ಅರ್ಜಿ ತುಂಬುತ್ತೇನೆ ಅಂದರೆ, ದಯವಿಟ್ಟು ಪುರಾಣವನ್ನೂ ಜಾತಕವನ್ನೂ ಪಕ್ಕಕ್ಕಿಟ್ಟು ಅರ್ಜಿಯ ಕೊನೇ ದಿನಾಂಕ ನೋಡಿ.