ಬಾಣ ಹಾರಬೇಕಾಗಿಲ್ಲ, ನಾಟಿದರೆ ಸಾಕು

ನಮ್ಮ ಏಕಲವ್ಯನ ಬಾಣ, ಅವನು ಬಿಡೋದಕ್ಕಿಂತ ಮೊದಲೇ ಮರಕ್ಕೆ ನಾಟಿಕೊಂಡಿತ್ತು. ಹೋದ ರಾಜ್ಯೋತ್ಸವದ ನಾಟಕ ನೋಡಿದವರಿಗೆ ಇದು ನೆನಪಿರುತ್ತೆ. ಮರೆತಿದ್ದರೂ ಚಿಂತೆಯಿಲ್ಲ, ಆ ಎಂಟು ಸೆಕೆಂಡಿನ ವಿಡಿಯೊ ಹಾಸ್ಟೆಲ್ ಗ್ರೂಪುಗಳಲ್ಲಿ ಇನ್ನೂ ಓಡಾಡ್ತಾ ಇದೆ. ಏಕಲವ್ಯ ಬಿಲ್ಲು ಎಳೆದು ಗುರಿ ನೋಡ್ತಾ ನಿಂತಿದ್ದಾನೆ, ಅತ್ತ ಮರದಲ್ಲಿ ಬಾಣ ಟಪ್ ಅಂತ ಎದ್ದು ನಿಂತಿದೆ. ದ್ರೋಣಾಚಾರ್ಯರು ಬೆನ್ನು ತಿರುಗಿಸಿಕೊಂಡು ನಗ್ತಿರೋದೂ ಕಾಣುತ್ತೆ.

ಆ ಮರ ಮಾಡಿದವರು ನಾವು. ಕನ್ನಡ ಸಂಘದ ರಂಗಪರಿಕರ ತಂಡ: ಇಬ್ಬರು ಮೆಕ್ಯಾನಿಕಲ್, ಒಬ್ಬರು ಇಸಿ, ಒಬ್ಬರು ಸಿವಿಲ್. ಈ ವರ್ಷ ಎಲ್‌ಇಡಿ ವಾಲ್ ಬಾಡಿಗೆಗೆ ತರೋಣ, ಬಾಣ, ಬೆಂಕಿ, ಮಳೆ ಎಲ್ಲ ಅದರಲ್ಲೇ ತೋರಿಸೋಣ ಅನ್ನೋ ಮಾತು ಸಂಘದಲ್ಲಿ ಜೋರಾಗಿದೆ. ಅದಕ್ಕೆ ಕೊಡ್ತಿರೋ ಕಾರಣ ನಮ್ಮ ಮರವೇ. ಹಾಗಾಗಿ ಉತ್ತರ ಕೊಡೋದೂ ನಮ್ಮ ಕೆಲಸ. ನಾವು ಹೇಳೋದು ಇಷ್ಟು: ಎಲ್‌ಇಡಿ ವಾಲ್ ಬೇಡ. ಆವತ್ತು ಕೈಕೊಟ್ಟಿದ್ದು ಮರ ಅಲ್ಲ, ಮರಕ್ಕೆ ನಾವು ಅಂಟಿಸಿದ ಜಾಣತನ.

ಮೊದಲು ಒಳಗಿನ ಗುಟ್ಟು ಬಿಟ್ಟುಕೊಡ್ತೀವಿ. ರಂಗದ ಮೇಲೆ ಬಾಣ ಹಾರೋದೇ ಇಲ್ಲ. ಹಾರಿಸಲೂ ಬಾರದು, ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಕೂತಿರ್ತಾರೆ. ನಟ ಹೆದೆ ಎಳೆದು ಬಿಟ್ಟ ಹಾಗೆ ಮಾಡ್ತಾನೆ, ಬಾಣವನ್ನು ಮೊಣಕೈ ಹಿಂದಕ್ಕೆ ಜಾರಿಸಿ ಮರೆಮಾಡ್ತಾನೆ. ಅದೇ ಹೊತ್ತಿಗೆ ಮರದ ಕಾಂಡದ ಸೀಳಿನೊಳಗೆ ಮಲಗಿದ್ದ ಇನ್ನೊಂದು ಬಾಣ ಸ್ಪ್ರಿಂಗ್ ಬಲದಿಂದ ಎದ್ದು ನಿಲ್ಲುತ್ತೆ. ನಡುವಿನ ಹಾರಾಟವನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತೆ. ಆಮೇಲೆ ಕೇಳಿದರೆ "ಬಾಣ ಹೋಗಿದ್ದು ನೋಡಿದ್ವಿ" ಅಂತ ಆಣೆ ಮಾಡಿ ಹೇಳೋರೂ ಇದ್ದಾರೆ!

ಮೊದಲ ಮಾದರಿಯಲ್ಲಿ ಪೂರ್ತಿ ಉದ್ದದ ಬಾಣ ಹಾಕಿದ್ವಿ. ಅದು ರೈಲ್ವೆ ಗೇಟ್ ಎದ್ದ ಹಾಗೆ ನಿಧಾನಕ್ಕೆ ಎದ್ದಿತು. ಬಲವಾದ ಸ್ಪ್ರಿಂಗ್ ತಂದ್ರೆ ಹಿಂಜೇ ಕಿತ್ತು ಬಂತು. ಆಮೇಲೆ ನಮ್ಮಲ್ಲೊಬ್ಬಳಿಗೆ ಹೊಳೆದದ್ದು, ಮರಕ್ಕೆ ನಾಟಿದ ಬಾಣದ ಮೂತಿ ಒಳಗೆ ಹೋಗಿರುತ್ತಲ್ಲ, ಪೂರ್ತಿ ಬಾಣ ಯಾಕೆ ಬೇಕು? ಅರ್ಧಕ್ಕೆ ಕತ್ತರಿಸಿದ್ವಿ. ಒಂದೇ ದಪ್ಪದ ಕಡ್ಡಿಯ ಉದ್ದ ಅರ್ಧವಾದರೆ ತೂಕವೂ ಅರ್ಧ, ತುದಿಯಿಂದ ಲೆಕ್ಕ ಹಾಕಿದ ಮೊಮೆಂಟ್ ಆಫ್ ಇನರ್ಷಿಯಾ ಎಂಟನೇ ಒಂದು ಪಾಲು. ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದ ಸೂತ್ರ, ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ. ಫೋನಿನ 240 ಫ್ರೇಮಿನ ಸ್ಲೋಮೋಷನ್‌ನಲ್ಲಿ ಎಣಿಸಿದರೆ ಬಾಣ ಏಳೋಕೆ 17 ಫ್ರೇಮ್, ಅಂದರೆ ಸುಮಾರು 0.07 ಸೆಕೆಂಡ್. ಸಾಕೋ ಸಾಕು. ಎದ್ದ ಮೇಲೆ ಬಾಣ ಒಂದೆರಡು ಸಲ ಗಡಗಡ ನಡುಗ್ತಿತ್ತು. ಅದನ್ನ ತಪ್ಪು ಅಂದ್ಕೊಂಡು ರಬ್ಬರ್ ಪಟ್ಟಿ ಅಂಟಿಸೋಕೆ ಹೊರಟ್ವಿ. ನಿರ್ದೇಶಕರು ಓಡಿ ಬಂದು ತಡೆದರು. ನಿಜವಾದ ಬಾಣವೂ ನಾಟಿದ ಮೇಲೆ ನಡುಗುತ್ತೆ, ಜನ ನಂಬೋದು ಅದನ್ನೇ ಅಂದರು.

ಇಲ್ಲಿಗೇ ನಿಲ್ಲಿಸಿದ್ದರೆ ಗೆದ್ದಿರ್ತಿದ್ವಿ. ಆದರೆ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ವಾ? ಚಿಲಕ ಬಿಡಿಸೋಕೆ ಸರ್ವೋ ಮೋಟಾರು, ಅದಕ್ಕೊಂದು ಆರ್ಡುಯಿನೊ, ಅದಕ್ಕೆ ಬ್ಲೂಟೂತ್, ಫೋನಿನಲ್ಲಿ ಕೆಂಪು ಬಟನ್ನು. ರಿಹರ್ಸಲ್‌ನಲ್ಲಿ ಬಟನ್ ಒತ್ತಿ ಅರ್ಧ ಸೆಕೆಂಡ್ ಆದ ಮೇಲೆ ಚಿಲಕ ಬಿಡ್ತಿತ್ತು. ಯಾಕೆ ಅಂತ ಹುಡುಕೋ ಬದಲು ಅರ್ಧ ಸೆಕೆಂಡ್ ಮುಂಚೆ ಒತ್ತೋದನ್ನ ರೂಢಿ ಮಾಡ್ಕೊಂಡ್ವಿ. ಪ್ರದರ್ಶನದ ದಿನ ಅದು ಒತ್ತಿದ ತಕ್ಷಣ ಬಿಡ್ತು. ನಟನೋ, ಚಪ್ಪಾಳೆ ಬಂತು ಅಂತ ಇನ್ನೂ ಒಂದು ಕ್ಷಣ ಬಿಲ್ಲು ಎಳೆದೇ ನಿಂತಿದ್ದ. 'ಠಣ್' ಅನ್ನೋ ಸದ್ದು ಲ್ಯಾಪ್‌ಟಾಪಿನಿಂದ ಮೂರನೆಯವನು ಕೊಡಬೇಕಿತ್ತು, ಅವನು ಗಾಬರಿಯಲ್ಲಿ ಆಮೇಲೆ ಕೊಟ್ಟ. ಮೂರು ಜನ, ಮೂರು ಅಂದಾಜು.

ಫೆಬ್ರವರಿಯ ಅಂತರಕಾಲೇಜು ಸ್ಪರ್ಧೆಗೆ ಎಲ್ಲ ಕಿತ್ತು ಹಾಕಿದ್ವಿ. ಒಂದು ನೈಲಾನ್ ದಾರ, ಒಂದು ರಾಟೆ. ಮರದ ಹಿಂದೆ ಕೂತ ಸೆಕೆಂಡ್ ಸೆಮ್ ಹುಡುಗ ಸಣ್ಣ ಕಿಂಡಿಯಲ್ಲಿ ಏಕಲವ್ಯನ ಮೊಣಕೈಯನ್ನೇ ನೋಡ್ತಿರ್ತಾನೆ. ಮೊಣಕೈ ಅಲ್ಲಾಡಿದಾಗ ದಾರ ಎಳೀತಾನೆ. ಅದೇ ದಾರ ಬಾಣದ ಚಿಲಕವನ್ನೂ ಬಿಡಿಸುತ್ತೆ, ಮರದ ಹಲಗೆ ಮೇಲೆ ಸುತ್ತಿಗೆಯಂಥ ಒಂದು ತುಂಡನ್ನೂ ಬೀಳಿಸುತ್ತೆ. ಕಣ್ಣಿಗೂ ಕಿವಿಗೂ ಒಂದೇ ದಾರ. ಸಿಂಕ್ ಆಗ್ಬೇಕು ಅನ್ನೋ ಪ್ರಶ್ನೆಯೇ ಇಲ್ಲ. ಹುಡುಗ ಚೂರು ತಡ ಮಾಡಿದರೂ ನಡೆಯುತ್ತೆ, ಬಾಣಕ್ಕೆ ದಾರಿ ಸವೆಸೋಕೆ ಹೊತ್ತು ಬೇಕಲ್ಲ. ಆವತ್ತು ಸಭೆಯಲ್ಲಿ ಯಾರೂ ನಗಲಿಲ್ಲ. ಬಾಲ್ಕನಿಯಿಂದ ಯಾರೋ "ಅಯ್ಯೋ" ಅಂದಿದ್ದು ನಮಗೆ ತೆರೆಯ ಹಿಂದೆಯೂ ಕೇಳಿಸ್ತು.

ಇದು ನಾವು ಕಂಡುಹಿಡಿದ ವಿದ್ಯೆಯೇನಲ್ಲ. ಯಕ್ಷಗಾನದಲ್ಲಿ ಮಹಿಷಾಸುರ ಬರುವಾಗ ಪಂಜಿಗೆ ರಾಳದ ಪುಡಿ ಎರಚಿ ಬೆಂಕಿ ಭುಗ್ಗೆನಿಸೋದನ್ನ ನಮ್ಮಲ್ಲಿ ಕರಾವಳಿಯವರು ಚಿಕ್ಕಂದಿನಿಂದ ನೋಡಿದ್ದಾರೆ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. (ಅದನ್ನ ಪರಿಕರ ಅನ್ನಬಹುದಾ ಅಂತ ನಮ್ಮಲ್ಲೇ ಜಗಳ ಇದೆ.) ಇನ್ನು ಗಾಜಿನಲ್ಲಿ ದೆವ್ವ ತೋರಿಸೋ 'ಪೆಪ್ಪರ್ಸ್ ಗೋಸ್ಟ್' ಇದೆಯಲ್ಲ, 1862ರ ಡಿಸೆಂಬರ್ 24ರಂದು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜನರನ್ನ ಬೆಚ್ಚಿಬೀಳಿಸಿದ್ದು, ಅದರ ಮೂಲ ಉಪಾಯ ಹೆನ್ರಿ ಡರ್ಕ್ಸ್ ಅನ್ನೋ ಎಂಜಿನಿಯರ್‌ದು. ಆದರೆ ಅವನ ವಿನ್ಯಾಸಕ್ಕೆ ರಂಗಮಂದಿರವನ್ನೇ ಒಡೆದು ಕಟ್ಟಬೇಕಿತ್ತು, ಯಾರೂ ಕೊಳ್ಳಲಿಲ್ಲ. ಇರೋ ರಂಗಮಂದಿರದಲ್ಲೇ ಓರೆ ಗಾಜು ನಿಲ್ಲಿಸಿ ಅದನ್ನ ನಡೆಯೋ ಹಾಗೆ ಮಾಡಿದ್ದು ಜಾನ್ ಹೆನ್ರಿ ಪೆಪ್ಪರ್. ಹೆಸರು ಉಳಿದದ್ದೂ ಅವನದೇ. ಡರ್ಕ್ಸ್ ಬಗ್ಗೆ ನಮಗೆ ಸ್ವಲ್ಪ ಜಾಸ್ತಿಯೇ ಕನಿಕರ, ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ.

ಎಲ್‌ಇಡಿ ವಾಲ್ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಓಪನ್ ಏರ್‌ನಲ್ಲಿ ಡ್ಯಾನ್ಸ್ ಇದ್ದಾಗ ಚೆಂದ. ನಾಟಕದಲ್ಲಿ ಅದು ನಟನ ಬೆನ್ನ ಹಿಂದೆ ಉರಿಯುತ್ತೆ, ಮುಖ ಕಪ್ಪಾಗುತ್ತೆ. ಮುಖಕ್ಕೆ ಬೆಳಕು ಹೆಚ್ಚಿಸಿದರೆ ಗೋಡೆ ಮಂಕಾಗುತ್ತೆ. ಇನ್ನೊಂದು, ವಿಡಿಯೊ ಯಾರಿಗೂ ಕಾಯೋದಿಲ್ಲ. ಚಪ್ಪಾಳೆ ಬಂದು ಏಕಲವ್ಯ ಎರಡು ಕ್ಷಣ ತಡೆದರೆ, ಅದೇ ಎಂಟು ಸೆಕೆಂಡಿನ ವಿಡಿಯೊ ಮತ್ತೆ ಹುಟ್ಟುತ್ತೆ, ಈ ಸಲ ಬಾಡಿಗೆ ಕೊಟ್ಟು.

ಒಂದು ವಾದವನ್ನ ಮಾತ್ರ ತಳ್ಳಿಹಾಕೋಕಾಗಲ್ಲ: ಪರಿಕರಗಳಿಂದ ಅಪಾಯ ಇದೆ. 2008ರಲ್ಲಿ ವಿಯೆನ್ನಾದ ಬುರ್ಗ್‌ಥಿಯೇಟರ್‌ನಲ್ಲಿ ಮೊಂಡು ಚಾಕು ಇರಬೇಕಾದ ಕಡೆ ಹರಿತವಾದ ಚಾಕು ಬಂದು, ನಟನೊಬ್ಬ ರಂಗದ ಮೇಲೇ ಕುತ್ತಿಗೆ ಕುಯ್ದುಕೊಂಡಿದ್ದ. ಪುಣ್ಯಕ್ಕೆ ಬದುಕಿದ. ಹೆಬ್ಬೆರಳಿನ ದೃಶ್ಯಕ್ಕೆ ನಾವು ಮಾಡಿದ ಕತ್ತಿ ಅಲ್ಯೂಮಿನಿಯಂ ಪಟ್ಟಿಯದು, ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ್ದು. ಅದನ್ನ ನಟನ ಕೈಗೆ ಕೊಡೋದು ಒಬ್ಬಳೇ, ಕೊಡೋ ಮೊದಲು ತನ್ನ ಅಂಗೈಗೆ ಎಳೆದು ನೋಡ್ತಾಳೆ, ಪ್ರತೀ ಸಲ. ಅವಳು ಇಲ್ಲದ ದಿನ ಆ ದೃಶ್ಯ ರಿಹರ್ಸಲ್ ಮಾಡಿಲ್ಲ. ಇಷ್ಟು ಶಿಸ್ತು ಇಟ್ಟುಕೊಳ್ಳೋಕೆ ಆಗದಿದ್ದರೆ ವಾಲ್ ತರೋದೇ ಸರಿ, ಒಪ್ತೀವಿ.

ಸಂಘದ ಮೀಟಿಂಗ್ ಬರೋ ಗುರುವಾರ ಸಂಜೆ, ಕ್ಲಾಸ್ ಮುಗಿದ ಮೇಲೆ. ಮರ ಆಡಿಟೋರಿಯಂ ಹಿಂದಿನ ಮೆಟ್ಟಿಲ ಕೆಳಗಿದೆ. ಕೈ ಎತ್ತೋ ಮುಂಚೆ ಹತ್ತು ನಿಮಿಷ ಬೇಗ ಬಂದು ಒಂದು ಸಲ ದಾರ ಎಳೆದು ನೋಡಿ. ಜೋರಾಗಿ ಎಳೀಬೇಡಿ, ರಾಟೆ ಹತ್ತಿರ ದಾರ ಸವೆದಿದೆ, ಇನ್ನೂ ಬದಲಾಯಿಸಿಲ್ಲ.